ಕಷ್ಟದಲ್ಲಿರುವವರಿಗೆ "ದೇವರಿಗೆ ಒಪ್ಪಿಸಿಬಿಡಿ" ಅನ್ನುತ್ತೇವೆ. ಒಪ್ಪಿಸುವುದು ಹೇಗೆ?

ಕೊಳದ_ಮೆಟ್ಟಿಲು ಕೇಳಿದ ಪ್ರಶ್ನೆ:

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ರೋಗಿಗಳನ್ನು ಭೇಟಿಮಾಡಿ ಪ್ರಾರ್ಥಿಸುವ ತಂಡಕ್ಕೆ ಒಂದು ಪಾಠ ಸಿದ್ಧಮಾಡಬೇಕಾಗಿದೆ. ಹಾಸಿಗೆ ಹಿಡಿದವರಿರಲಿ, ಮಗುವನ್ನು ಕಳೆದುಕೊಂಡವರಿರಲಿ, ಎಲ್ಲರಿಗೂ ಸಭೆಯವರು ಹೇಳುವುದು ಒಂದೇ ಮಾತು: "ಎಲ್ಲಾ ದೇವರಿಗೆ ಒಪ್ಪಿಸಿಬಿಡಿ." ಕೇಳಿದವರು ತಲೆಯಾಡಿಸುತ್ತಾರೆ. ಮಾರನೇ ಬೆಳಿಗ್ಗೆ ಎದ್ದು ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ಗುಣಮಾಡು ಎಂದು ಕೇಳುವುದನ್ನು ನಿಲ್ಲಿಸಿದರೆ ಮಾತ್ರ ಸಮರ್ಪಣೆಯೇ? ದೇವರ ಮೇಲೆಯೇ ಸಿಟ್ಟು ಬಂದಿದ್ದರೆ ಅದನ್ನು ಎಲ್ಲಿಡಬೇಕು? ಬೆಳಿಗ್ಗೆ ಒಪ್ಪಿಸಿದ್ದು ರಾತ್ರಿ ಮತ್ತೆ ತಲೆಗೇರಿದರೆ ಬೆಳಗಿನದು ಸುಳ್ಳಾಯಿತೇ? "ನಿನ್ನ ಚಿತ್ತವಾದರೆ" ಎಂದು ಸೇರಿಸುವುದೇ ಅಪನಂಬಿಕೆ ಎನ್ನುವವರೂ ಇದ್ದಾರೆ, ಅವರಿಗೆ ಏನು ಉತ್ತರ? ಸಾಂತ್ವನದ ಮಾತು ಬೇಡ, ಕ್ರಮ ಬೇಕು. ಯಾವ ಸಭೆಯವರಾದರೂ ಬರೆಯಿರಿ.

---

ಯಬ್ಬೋಕ್_ತೀರ:

ಗೆತ್ಸೇಮನೆಯಿಂದ, ಅಂದರೆ ಬಂಧನದ ರಾತ್ರಿ ಯೇಸು ಪ್ರಾರ್ಥಿಸಿದ ತೋಟದಿಂದ, ಶುರುಮಾಡಿ. ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ, ಆದರೆ ಕೊನೆಯ ಸಾಲನ್ನು ಮಾತ್ರ ಎತ್ತಿಕೊಂಡು ಬರುತ್ತಾರೆ. ಮಾರ್ಕ 14:36ನ್ನು ಬಿಡಿಸಿ ನೋಡಿ. ಮೊದಲು "ಅಪ್ಪಾ, ತಂದೆಯೇ" ಎಂಬ ಕರೆ. ಆಮೇಲೆ "ನಿನಗೆ ಎಲ್ಲವೂ ಸಾಧ್ಯ" ಎಂಬ ನಂಬಿಕೆಯ ಮಾತು. ಅದರ ಬೆನ್ನಿಗೇ "ಈ ಪಾತ್ರೆಯನ್ನು (ಬರಲಿರುವ ಬಾಧೆಯನ್ನು) ನನ್ನಿಂದ ತೊಲಗಿಸು" ಎಂಬ ನೇರ ಬೇಡಿಕೆ, ಯಾವ ಮುಚ್ಚುಮರೆಯೂ ಇಲ್ಲ. "ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ" ಬರುವುದು ಇಷ್ಟೆಲ್ಲ ಆದ ಮೇಲೆ. ಬೇಡಿಕೆಯನ್ನು ನುಂಗಿಕೊಂಡು ನೇರವಾಗಿ "ಆದರೂ"ಗೆ ಹಾರಿದರೆ ಒಪ್ಪಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಏನು ಬೇಕು ಎಂದು ಬಾಯಿಬಿಟ್ಟು ಹೇಳದವನು ಏನನ್ನು ಬಿಟ್ಟುಕೊಟ್ಟಾನು? ನಿಮ್ಮ ಮೊದಲ ಪ್ರಶ್ನೆಗೆ ಇದೇ ಉತ್ತರ: ಕೇಳುವುದು ಸಮರ್ಪಣೆಯ ಒಳಗೇ ಇರುವ ಭಾಗ.

ಎರಡನೆಯ ವಿವರ ಮತ್ತಾಯ 26ರಲ್ಲಿದೆ. 39ನೇ ವಚನದಲ್ಲಿ "ಸಾಧ್ಯವಾಗಿದ್ದರೆ ತೊಲಗಲಿ". 42ರಲ್ಲಿ "ನಾನು ಕುಡಿಯದ ಹೊರತು ಇದು ತೊಲಗದಿದ್ದರೆ, ನಿನ್ನ ಚಿತ್ತವೇ ಆಗಲಿ". 44ರಲ್ಲಿ ಮೂರನೇ ಸಲ, ಅವೇ ಮಾತುಗಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಏನೋ ಸರಿದಿದೆ, ಒಂದೇ ಏಟಿಗೆ ಆಗಿಲ್ಲ. ಕರ್ತನೇ ಒಂದೇ ರಾತ್ರಿಯಲ್ಲಿ ಮೂರು ಸಲ ಪ್ರಾರ್ಥಿಸಿದ ಮೇಲೆ, ರಾತ್ರಿ ಮತ್ತೆ ತಲೆಗೇರಿದ್ದಕ್ಕೆ ಬೆಳಗಿನ ಪ್ರಾರ್ಥನೆ ಸುಳ್ಳಾಯಿತು ಎಂದು ಯಾರೂ ಅಂದುಕೊಳ್ಳಬೇಕಿಲ್ಲ. ಇಬ್ರಿಯ 5:7 ಓದಿ, ಆತ ಬಲವಾಗಿ ಕೂಗುತ್ತಾ ಕಣ್ಣೀರು ಸುರಿಸುತ್ತಾ ಪ್ರಾರ್ಥಿಸಿದ ಎಂದೇ ಅಲ್ಲಿದೆ. ಶಾಂತ ಮುಖ ಇದ್ದರೆ ಮಾತ್ರ ಸಮರ್ಪಣೆ ಎಂಬ ಕಲ್ಪನೆ ಎಲ್ಲಿಂದ ಬಂತೋ, ಸುವಾರ್ತೆಯಿಂದ ಬಂದದ್ದಲ್ಲ.

ಇನ್ನು ದಿನದ ಅಭ್ಯಾಸ. 15ರಿಂದ 20 ನಿಮಿಷ ಸಾಕು, ನೋವು ಹೆಚ್ಚಿದ್ದರೆ ಐದು. ಒಂದು ಹಾಳೆ, ಒಂದು ಪೆನ್ನು, ಕೀರ್ತನೆ 13. ಆ ಕೀರ್ತನೆ ಆರೇ ವಚನ, ಆದರೆ ಕಟ್ಟಡ ಪೂರ್ತಿ ಕಾಣುತ್ತದೆ. 1–2 ದೂರು: "ಎಷ್ಟರವರೆಗೆ" ಎಂಬ ಪ್ರಶ್ನೆ ಹೀಬ್ರೂ ಮೂಲದಲ್ಲಿ ನಾಲ್ಕು ಸಲ ಬರುತ್ತದೆ. 3–4 ಬೇಡಿಕೆ: ನೋಡು, ಉತ್ತರಕೊಡು, ಕಣ್ಣನ್ನು ಬೆಳಗಿಸು. 5–6 ಭರವಸೆ.

ಮೊದಲು ಹಾಳೆಯ ಮೇಲೆ ಒಂದೇ ಒಂದು ಸಂಗತಿ ಬರೆಯಬೇಕು. "ನನ್ನ ಜೀವನವನ್ನೆಲ್ಲಾ ಒಪ್ಪಿಸುತ್ತೇನೆ" ಎಂದು ಬರೆದರೆ ಕೈಗೆ ಏನೂ ಸಿಕ್ಕುವುದಿಲ್ಲ. "ಗುರುವಾರ ಬರುವ ಸ್ಕ್ಯಾನ್ ರಿಪೋರ್ಟ್", "ಮಗ ಫೋನ್ ಮಾಡದಿರುವುದು", ಹೀಗೆ ಹೆಸರಿಟ್ಟು ಬರೆದರೆ ಹಿಡಿತ ಸಿಗುತ್ತದೆ. ಅದರ ಕೆಳಗೆ ದೂರು, ಇದ್ದದ್ದು ಇದ್ದ ಹಾಗೆ, ದೇವರನ್ನೇ ನೀನು ಎಂದು ಕರೆದು. ದೇವರ ಬಗ್ಗೆ ಬೇರೆಯವರ ಹತ್ತಿರ ಹೇಳಿಕೊಳ್ಳುವುದೇ ಬೇರೆ, ದೇವರಿಗೇ ಹೇಳುವುದೇ ಬೇರೆ. ಕಾನಾನಿಗೆ ಹೋಗುವ ದಾರಿಯಲ್ಲಿ ಇಸ್ರಾಯೇಲ್ಯರು ಡೇರೆಗಳಲ್ಲಿ ಕೂತು ಗೊಣಗಿದ್ದು ಪಾಪ ಎನಿಸಿತು, ಕೀರ್ತನೆಗಾರರು ಮುಖಾಮುಖಿ ಕೂಗಿದ್ದು ಆರಾಧನೆಯ ಪುಸ್ತಕಕ್ಕೇ ಸೇರಿತು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಭಾಗ ಇಂಥ ಪ್ರಲಾಪವೇ.

ದೂರು ಮುಗಿದ ಮೇಲೆ ಬೇಡಿಕೆ, ಸ್ಪಷ್ಟವಾಗಿ. ಆಮೇಲೆ "ಆದರೂ" ಎಂಬ ಪದ ಬರೆದು, ಮುಂದಿನ ಸಾಲನ್ನು ಆ ದಿನ ಎಷ್ಟು ನಿಜವೋ ಅಷ್ಟೇ ಬರೆಯಬೇಕು. ಕೆಲವು ದಿನ "ಆದರೂ ನಿನ್ನ ಚಿತ್ತ" ಎನ್ನಲು ಬರುವುದಿಲ್ಲ. ಆಗ "ಆದರೂ ಒಪ್ಪಿಸಲು ಮನಸ್ಸು ಕೊಡು" ಸಾಕು. ಅದೂ ಬರದಿದ್ದರೆ ಮಾರ್ಕ 9:24ರಲ್ಲಿ ರೋಗಿ ಮಗನ ತಂದೆಯ ಮಾತಿದೆ: ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು. ಆ ತಂದೆಯ ಅರ್ಧ ನಂಬಿಕೆಗೇ ಮಗ ಗುಣವಾದ, ಪೂರ್ತಿ ತುಂಬಿಸಿಕೊಂಡು ಬಾ ಎಂದು ಯೇಸು ವಾಪಸ್ಸು ಕಳಿಸಲಿಲ್ಲ.

ಕೊನೆಗೆ ಹಾಳೆಯ ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ "ಇವತ್ತು ನನ್ನ ಪಾಲು", ಇನ್ನೊಂದು ಕಡೆ "ನನ್ನ ಕೈಯಲ್ಲಿಲ್ಲ". ಮಾತ್ರೆ ನುಂಗುವುದು, ವಿಮೆಯ ಅರ್ಜಿ ತುಂಬುವುದು, ಒಬ್ಬರಲ್ಲಿ ಕ್ಷಮೆ ಕೇಳುವುದು ಮೊದಲ ಕಡೆಗೆ. ಫಲಿತಾಂಶ, ಬೇರೆಯವರ ಮನಸ್ಸು, ನಾಳೆ ಇವು ಎರಡನೆಯ ಕಡೆಗೆ. ಪ್ರಾರ್ಥನೆ ಮುಗಿದ ಕೂಡಲೇ ಮೊದಲ ಕಡೆಯ ಒಂದು ಕೆಲಸವನ್ನು ಮಾಡಿಬಿಡಬೇಕು. 1 ಪೇತ್ರ 4:19ರಲ್ಲಿ ಎರಡೂ ಜೊತೆಗಿವೆ: ಒಳ್ಳೆಯದನ್ನು ಮಾಡುತ್ತಲೇ ಆತ್ಮವನ್ನು ನಂಬಿಗಸ್ತನಾದ ಸೃಷ್ಟಿಕರ್ತನಿಗೆ ಒಪ್ಪಿಸುವುದು. ಕೆಲಸ ಬಿಟ್ಟರೆ ಸಮರ್ಪಣೆ ಹೋಗಿ ಹಣೆಬರಹ ಉಳಿಯುತ್ತದೆ.

ಎಲ್ಲಿ ಕೆಡುತ್ತದೆ ಅಂದರೆ, ಬಹಳ ಸಲ ಚೌಕಾಸಿಯಲ್ಲಿ. "ನಾನು ಪೂರ್ತಿ ಒಪ್ಪಿಸಿದ್ದೇನೆ, ಇನ್ನು ನೀನು ಗುಣಮಾಡಲೇಬೇಕು" ಎಂಬುದು ವ್ಯಾಪಾರ. ಗುರುತಿಸುವುದು ಸುಲಭ: ಬೇಡಿದ್ದು ಆಗದಿದ್ದಾಗ "ಮೋಸವಾಯಿತು" ಎನಿಸಿದರೆ ಒಳಗೆ ಕರಾರು ಇತ್ತು ಎಂದೇ ಲೆಕ್ಕ. ಗಾಬರಿ ಬೇಡ, ಆ ಕರಾರನ್ನೇ ಮರುದಿನದ ಹಾಳೆಯ ಮೊದಲ ಸಾಲಾಗಿ ಬರೆದರಾಯಿತು. ಇನ್ನೊಂದು ತಪ್ಪು, ರಾತ್ರಿ ಎರಡು ಗಂಟೆಗೆ ನಿದ್ದೆ ಇಲ್ಲದೆ ಇಡೀ ಬದುಕಿನ ಲೆಕ್ಕ ತೆಗೆದು ಕೂರುವುದು. ಆ ಹೊತ್ತಿಗೆ ಕೀರ್ತನೆ 31:5ರ ಒಂದು ಸಾಲು ಸಾಕು, "ನನ್ನ ಆತ್ಮವನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ". ಶಿಲುಬೆಯ ಮೇಲೆ ಯೇಸು ಹೇಳಿದ್ದೂ ಅದನ್ನೇ (ಲೂಕ 23:46). ಉಳಿದದ್ದು ಬೆಳಗಿಗಿರಲಿ.

---

ಹೊಸ_ದ್ರಾಕ್ಷಾರಸ:

ಯಬ್ಬೋಕ್ ಅವರೇ, ಗೌರವದಿಂದಲೇ ಹೇಳುತ್ತೇನೆ, ಇದನ್ನು ಪೂರ್ತಿ ಒಪ್ಪುವುದಕ್ಕಾಗದು. ಗೆತ್ಸೇಮನೆ ವಿಮೋಚನೆಯ ವಿಷಯ, ರೋಗದ ವಿಷಯವಲ್ಲ. ರೋಗದ ವಿಷಯದಲ್ಲಿ ದೇವರ ಚಿತ್ತ ಆಗಲೇ ತಿಳಿದಿದೆ: ಯೆಶಾಯ 53:5, "ಅವನ ಬಾಸುಂಡೆಗಳಿಂದ ನಮಗೆ ಗುಣವಾಯಿತು". ಮತ್ತಾಯ 8:17 ಆ ಪ್ರವಾದನೆಯನ್ನು ರೋಗಗಳಿಗೇ ಅನ್ವಯಿಸುತ್ತದೆ. ಯಾಕೋಬ 1:6 ಸಂಶಯಪಡದೆ ಕೇಳು ಎನ್ನುತ್ತದೆ. "ನಿನ್ನ ಚಿತ್ತವಾದರೆ" ಎಂದು ಬಾಲಂಗೋಚಿ ಹಚ್ಚಿದರೆ, ಉತ್ತರ ಸಿಗದಿದ್ದರೆ ಇರಲಿ ಎಂದು ಮೊದಲೇ ನೆಪ ಕಟ್ಟಿಟ್ಟುಕೊಂಡ ಹಾಗಲ್ಲವೇ? ಎಷ್ಟೋ ಸಭೆಗಳಲ್ಲಿ ಧೈರ್ಯವಾಗಿ ಕೇಳುವುದೇ ನಿಂತುಹೋಗಿದೆ.

---

ಮೂರನೇ_ಜಾವ:

ಹೊಸ_ದ್ರಾಕ್ಷಾರಸ ಬ್ರದರ್, ನಿಮ್ಮ ಕೊನೆಯ ಮಾತು ನಿಜ. "ಚಿತ್ತವಾದರೆ" ಎಂಬುದು ಎಷ್ಟೋ ಕಡೆ ಸೋಮಾರಿ ಪ್ರಾರ್ಥನೆಗೆ ಮರೆಯಾಗಿದೆ. ಉಳಿದದ್ದಕ್ಕೆ ವಚನಗಳನ್ನೇ ನೋಡೋಣ.

ಮಾರ್ಕ 1:40ರ ಕುಷ್ಠರೋಗಿ ರೋಗದ ವಿಷಯದಲ್ಲೇ "ನಿನಗೆ ಮನಸ್ಸಿದ್ದರೆ" ಎಂದು ಕೇಳಿದ. ಯೇಸು ಅವನನ್ನು ಗದರಿಸಲಿಲ್ಲ, ಮುಟ್ಟಿ "ನನಗೆ ಮನಸ್ಸುಂಟು" ಎಂದು ಶುದ್ಧಮಾಡಿದ. ದಾನಿಯೇಲ 3:17–18ರಲ್ಲಿ ಮೂವರು ಬೆಂಕಿಯ ಮುಂದೆ ನಿಂತು "ನಮ್ಮ ದೇವರು ಬಿಡಿಸಬಲ್ಲನು" ಎನ್ನುತ್ತಾರೆ, ಅದೇ ಉಸಿರಿನಲ್ಲಿ "ಬಿಡಿಸದೆ ಹೋದರೂ" ಎನ್ನುತ್ತಾರೆ. ದೇವರಿಗೆ ಆಗುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗಿರಲಿಲ್ಲ. ಆತ ಹೇಗೆ ಮಾಡಬೇಕು ಎಂಬುದನ್ನು ಆತನಿಗೇ ಬಿಟ್ಟರು. ಯಾಕೋಬ 1:6ಕ್ಕೆ ಹಿಂದಿನ ವಚನವನ್ನೂ ಓದಿ, ಅಲ್ಲಿ ಕೇಳುತ್ತಿರುವುದು ವಿವೇಕವನ್ನು, ಅದೂ ಕಷ್ಟಗಳ ನಡುವೆ.

ಯೆಶಾಯ 53ರ ಪ್ರವಾದನೆಯನ್ನು ಮತ್ತಾಯ ರೋಗಕ್ಕೆ ಅನ್ವಯಿಸುತ್ತಾನೆ, ಸರಿ. 1 ಪೇತ್ರ 2:24 ಅದೇ ಬಾಸುಂಡೆಯ ಮಾತನ್ನು ಪಾಪಕ್ಕೆ ಅನ್ವಯಿಸುತ್ತದೆ, ಅದೂ ಅನ್ಯಾಯವಾಗಿ ಹೊಡೆತ ತಿನ್ನುತ್ತಿದ್ದ ದಾಸರಿಗೆ ಬರೆಯುತ್ತಾ. ಶಿಲುಬೆಯಲ್ಲಿ ಗುಣವೂ ಸೇರಿದೆ ಎಂದು ಒಪ್ಪಿದರೂ ಅದರ ಪೂರ್ತಿ ಫಲ ಇಂದೇ ಪ್ರತಿಯೊಬ್ಬರ ಶರೀರಕ್ಕೂ ಸಿಗುತ್ತದೆ ಎಂದು ಆಗುವುದಿಲ್ಲ. ರೋಮಾಪುರ 8:23 ಶರೀರದ ವಿಮೋಚನೆಯನ್ನು ನಾವಿನ್ನೂ ಎದುರುನೋಡುತ್ತಾ ನರಳುತ್ತೇವೆ ಎನ್ನುತ್ತದೆ.

ಅಪೊಸ್ತಲರ ಸುತ್ತಲೂ ರೋಗಿಗಳಿದ್ದರು. 2 ತಿಮೊಥೆ 4:20: ಅಪೊಸ್ತಲ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಅಸ್ವಸ್ಥನಾಗಿಯೇ ಮಿಲೇತದಲ್ಲಿ ಬಿಟ್ಟುಬರಬೇಕಾಯಿತು. 1 ತಿಮೊಥೆ 5:23: ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎಂಬ ಸಲಹೆ. ನಿಮ್ಮ ಹೆಸರಿಗೆ ಹೊಂದುವ ವಚನ, ತಪ್ಪು ತಿಳಿಯಬೇಡಿ. ಪೌಲನ ಶರೀರದಲ್ಲಿ ನಾಟಿದ್ದ ಶೂಲವನ್ನು ತೆಗೆ ಎಂದು ಅವನು ಮೂರು ಸಲ ಬೇಡಿದ, ಬಂದ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು" (2 ಕೊರಿಂಥ 12:7–9). ಅದು ರೋಗವೋ ವಿರೋಧಿಗಳೋ ಎಂದು ವ್ಯಾಖ್ಯಾನಕಾರರು ಇನ್ನೂ ವಾದಿಸುತ್ತಾರೆ, ಅದಿರಲಿ. ನಂಬಿಕೆ ಕಡಿಮೆಯಾಗಿದ್ದರಿಂದ ಹೋಗಲಿಲ್ಲ ಎಂದು ಮಾತ್ರ ಅಲ್ಲಿ ಎಲ್ಲೂ ಇಲ್ಲ. ಕಾರಣ ಬೇರೆಯೇ ಕೊಟ್ಟಿದೆ: ದೊರೆತ ಪ್ರಕಟನೆಗಳಿಂದ ಗರ್ವ ತಲೆಗೇರದಿರಲಿ ಎಂದು.

ತಂಡದವರಿಗೆ ಕಲಿಸುವಾಗ ಹೀಗೆ ಹೇಳಿ: ಗೆತ್ಸೇಮನೆಯ ಪ್ರಾರ್ಥನೆಯ ಮೂರನೇ ತುಂಡಿನಲ್ಲಿ, ಅಂದರೆ ಬೇಡಿಕೆಯಲ್ಲಿ, ಹೊಸ_ದ್ರಾಕ್ಷಾರಸ ಅವರಷ್ಟು ಧೈರ್ಯ ಇರಲಿ. "ಚಿತ್ತವಾದರೆ" ಎಂಬುದನ್ನು ಪ್ರತಿ ವಾಕ್ಯಕ್ಕೂ ಅಂಟಿಸಬೇಡಿ, ಪ್ರಾರ್ಥನೆಯ ಕೊನೆಗೆ ಒಮ್ಮೆ ಹೇಳಿದರೆ ಸಾಕು. ಗುಣವಾಗದಿದ್ದಾಗ ಅದರ ಹೊರೆಯನ್ನು ರೋಗಿಯ ನಂಬಿಕೆಯ ಮೇಲೆ ಹೊರಿಸಬೇಡಿ. ಯಾಕೋಬ 5:14–15ರಲ್ಲಿ ಪ್ರಾರ್ಥಿಸುವ ಜವಾಬ್ದಾರಿ ಸಭೆಯ ಹಿರಿಯರದ್ದು, ರೋಗಿಯ ಪಾಲಿಗೆ ಅಲ್ಲಿರುವುದು ಅವರನ್ನು ಕರೆಸುವುದು ಮಾತ್ರ.

---

ಹೊಸ_ದ್ರಾಕ್ಷಾರಸ:

ಕುಷ್ಠರೋಗಿಗೆ ಸಿಕ್ಕ ಉತ್ತರ "ಮನಸ್ಸುಂಟು" ಎಂದೇ ಅಲ್ಲವೇ, ನಾನು ಹಿಡಿದಿರುವುದು ಅದನ್ನೇ. ಆದರೆ ರೋಗಿಯ ಮೇಲೆ ಹೊರಿಸಬಾರದು ಎಂಬುದಕ್ಕೆ ಆಮೆನ್.

---

ಸಂಜೆಯ_ಗಂಟೆ:

ಕಥೋಲಿಕರ ಕಡೆಯಿಂದ ಕೆಲವು ವಿವರ ಸೇರಿಸುತ್ತೇನೆ, ನಿಮ್ಮ ತಂಡ ಭೇಟಿಮಾಡುವ ಮನೆಗಳಲ್ಲಿ ನಮ್ಮವರೂ ಇರಬಹುದು.

ರೋಗಿಗೆ ಎಣ್ಣೆ ಹಚ್ಚುವ ಸಂಸ್ಕಾರವನ್ನು ಈಗಲೂ ಬಹಳ ಮಂದಿ ಸಾವಿನ ಮುನ್ಸೂಚನೆ ಎಂದೇ ತಿಳಿದಿದ್ದಾರೆ. ಎರಡನೇ ವ್ಯಾಟಿಕನ್ ಮಹಾಸಭೆ ಅದು ಸಾಯುವ ಕ್ಷಣಕ್ಕೆ ಮಾತ್ರ ಮೀಸಲಲ್ಲ ಎಂದು 1963ರಲ್ಲೇ ಹೇಳಿತು. 1972ರಲ್ಲಿ ಪೋಪ್ ಆರನೇ ಪೌಲರು ವಿಧಿಯನ್ನು ಪರಿಷ್ಕರಿಸಿದರು. ಈಗ ಹಣೆಗೂ ಎರಡು ಕೈಗಳಿಗೂ ಹಚ್ಚುತ್ತಾರೆ. ಆಲಿವ್ ಎಣ್ಣೆ ಸಿಗದಿದ್ದರೆ ಬೇರೆ ಸಸ್ಯಜನ್ಯ ಎಣ್ಣೆಯೂ ಆಗುತ್ತದೆ. ಗಂಭೀರ ಕಾಯಿಲೆ, ದೊಡ್ಡ ಶಸ್ತ್ರಚಿಕಿತ್ಸೆಗೆ ಮುಂಚೆ, ವೃದ್ಧಾಪ್ಯದ ನಿತ್ರಾಣ, ಯಾವುದಕ್ಕಾದರೂ ಕೇಳಬಹುದು. ಕಾಯಿಲೆ ಉಲ್ಬಣಿಸಿದರೆ ಅಥವಾ ವಾಸಿಯಾಗಿ ಮತ್ತೆ ಬಿದ್ದರೆ ಇನ್ನೊಮ್ಮೆಯೂ ಪಡೆಯಬಹುದು. ಸಾಮಾನ್ಯವಾಗಿ ಆಗುವ ತಪ್ಪು: ರೋಗಿ ಹೆದರುತ್ತಾರೆ ಎಂದು ಮನೆಯವರು ಪ್ರಜ್ಞೆ ತಪ್ಪುವವರೆಗೂ ಫಾದರ್‌ಗೆ ಹೇಳಿಕಳಿಸುವುದಿಲ್ಲ. ಆಗ ಪಾಪನಿವೇದನೆಯೂ ಇಲ್ಲ, ಪರಮಪ್ರಸಾದವೂ ಇಲ್ಲ, ರೋಗಿ ತನ್ನ ಬಾಯಿಂದ "ಆಮೆನ್" ಹೇಳುವ ಅವಕಾಶವೂ ಹೋಯಿತು.

"ನೋವನ್ನು ಅರ್ಪಿಸುವುದು" ಎಂಬ ನಮ್ಮ ಪದ್ಧತಿಗೆ ಆಧಾರ ಕೊಲೊಸ್ಸೆ 1:24, ಕ್ರಿಸ್ತನ ಬಾಧೆಗಳಲ್ಲಿ ಉಳಿದದ್ದನ್ನು ನನ್ನ ಶರೀರದಲ್ಲಿ ತೀರಿಸುತ್ತೇನೆ ಎಂಬ ಪೌಲನ ಮಾತು. ಕ್ರಿಸ್ತನ ಬಲಿಯಲ್ಲಿ ಏನೋ ಕೊರತೆ ಇದೆ, ಅದನ್ನು ನಮ್ಮ ನೋವು ತುಂಬುತ್ತದೆ ಎಂದು ಧರ್ಮಸಭೆ ಕಲಿಸುವುದಿಲ್ಲ. ವಿಮೋಚನೆ ಮುಗಿದಿದೆ, ಅದರಲ್ಲಿ ಪಾಲ್ಗೊಳ್ಳಲು ನಮ್ಮನ್ನು ಕರೆದಿದ್ದಾರೆ, ಅಷ್ಟು. ಮಾಡುವುದು ಸರಳ: ಬೆಳಿಗ್ಗೆ ಒಬ್ಬರ ಹೆಸರು ಹಿಡಿದು "ಇಂದಿನ ನೋವನ್ನು ಯೇಸುವಿನ ಬಲಿಯೊಂದಿಗೆ ಇವರಿಗಾಗಿ ಅರ್ಪಿಸುತ್ತೇನೆ" ಎನ್ನುವುದು. "ಲೋಕದ ಎಲ್ಲರಿಗಾಗಿ" ಎಂಬುದಕ್ಕಿಂತ ಒಂದು ಹೆಸರು ಮನಸ್ಸನ್ನು ಹೆಚ್ಚು ಹಿಡಿದಿಡುತ್ತದೆ. ಹಾಸಿಗೆಯಲ್ಲಿದ್ದು "ನಾನು ಯಾರಿಗೂ ಉಪಯೋಗವಿಲ್ಲ" ಎಂದು ಕೊರಗುವವರಿಗೆ ಇದು ಒಂದು ಕೆಲಸ ಕೊಡುತ್ತದೆ.

ಇಲ್ಲಿ ಅಪಾಯ ಒಂದಿದೆ. ಅರ್ಪಿಸಲು ನೋವು ಬೇಕು ಎಂದು ನೋವುನಿವಾರಕ ಬೇಡ ಎನ್ನುವವರಿದ್ದಾರೆ. ಹಾಗೆ ಮಾಡಬೇಕಾದ ಕಟ್ಟುಪಾಡು ಇಲ್ಲ. ಪೋಪ್ ಹನ್ನೆರಡನೇ ಪಿಯುಸ್ 1957ರಲ್ಲಿ ಅರಿವಳಿಕೆ ವೈದ್ಯರಿಗೆ ಕೊಟ್ಟ ಉತ್ತರದಲ್ಲಿ ನೋವು ತಗ್ಗಿಸುವ ಔಷಧಿಯನ್ನು ಸ್ಪಷ್ಟವಾಗಿ ಅನುಮತಿಸಿದ್ದಾರೆ, ಪ್ರಜ್ಞೆ ಮಸುಕಾಗುವ ಸಂದರ್ಭಕ್ಕೂ, ತಕ್ಕ ಕಾರಣವಿದ್ದರೆ. ನೋವನ್ನು ಹುಡುಕಿಕೊಂಡು ಹೋಗುವುದಲ್ಲ, ಔಷಧಿ ಕೊಟ್ಟ ಮೇಲೂ ಉಳಿದದ್ದನ್ನು ಅರ್ಪಿಸುವುದು.

ಇನ್ನು ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್. 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದಾಗ ಶುರುವಾದ ಹುಡುಕಾಟದಿಂದಲೇ ಅವರ 30 ದಿನಗಳ ಧ್ಯಾನಕ್ರಮ ಹುಟ್ಟಿತು. "ಕರ್ತನೇ, ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲವನ್ನೂ ತೆಗೆದುಕೋ" ಎಂಬ ಪ್ರಾರ್ಥನೆ ಆ ಕ್ರಮದಲ್ಲಿ ಬರುವುದು ಕಟ್ಟಕಡೆಗೆ. ಅದಕ್ಕೆ ಮೊದಲು ಪಡೆದದ್ದನ್ನೆಲ್ಲ ಒಂದೊಂದಾಗಿ ನೆನೆಯಬೇಕು. ಅದನ್ನೇ ಮೊದಲ ದಿನ ರೋಗಿಯ ಕೈಗೆ ಕಾರ್ಡಿನಲ್ಲಿ ಅಚ್ಚುಹಾಕಿಸಿ ಕೊಡುವುದು ಕ್ರಮ ತಪ್ಪಿದ ಕೆಲಸ.

ಬರಡುತನದ ಹೊತ್ತಿಗೆ ಅವರು ಕೊಟ್ಟ ನಿಯಮಗಳಲ್ಲಿ ಮೂರು ನಿಮ್ಮ ಪಾಠಕ್ಕೆ ಬೇಕಾದವು. ಮನಸ್ಸು ಕತ್ತಲಾಗಿರುವಾಗ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಪ್ರಾರ್ಥನೆಗೆ ಇಟ್ಟ ಸಮಯವನ್ನು ಕಡಿಮೆ ಮಾಡದೆ, ಸ್ವಲ್ಪ ಹೆಚ್ಚೇ ಕೂರಬೇಕು (ಕಾಯಿಲೆಯವರಿಗೆ ಇದನ್ನು ಹೇರಬೇಡಿ, ದೇಹ ಗಟ್ಟಿ ಇದ್ದವರಿಗೆ ಮಾತ್ರ). ಮತ್ತು ಯಾರಿಗೂ ಹೇಳಬಾರದು ಎನಿಸುವ ಯೋಚನೆಯನ್ನೇ ಮೊದಲು ಒಬ್ಬ ಗುರುವಿಗೆ ಹೇಳಬೇಕು.

---

ಮೂರನೇ_ಜಾವ:

ಕೊಲೊಸ್ಸೆ 1:24ನ್ನು ನಾವು ಪ್ರೊಟೆಸ್ಟೆಂಟರು ಬೇರೆ ರೀತಿ ಓದುತ್ತೇವೆ, ಪೌಲ ಅಲ್ಲಿ ತನ್ನ ಸುವಾರ್ತಾ ಸೇವೆಯ ಬಾಧೆಗಳ ಬಗ್ಗೆ ಹೇಳುತ್ತಿದ್ದಾನೆ ಎಂದು. ಅದನ್ನು ಇಲ್ಲಿ ಬೆಳೆಸುವುದಿಲ್ಲ. "ಉಪಯೋಗವಿಲ್ಲ" ಎಂಬ ಕೊರಗಿಗೆ ಮೆಥೊಡಿಸ್ಟರಲ್ಲಿ ಒಂದು ದಾರಿ ಇದೆ: ಅವರ ಮೂಲಪುರುಷ ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆ, ಈಗ ಸಾಮಾನ್ಯವಾಗಿ ವರ್ಷದ ಮೊದಲ ಭಾನುವಾರಗಳಲ್ಲಿ ನಡೆಯುತ್ತದೆ. ಅದರ ಪ್ರಾರ್ಥನೆಯಲ್ಲಿ ನನ್ನನ್ನು ದುಡಿಸು ಅಥವಾ ಬಾಧೆಗೆ ಒಪ್ಪಿಸು, ಕೆಲಸಕ್ಕೆ ಹಚ್ಚು ಅಥವಾ ಬದಿಗಿಡು ಎಂಬ ಅರ್ಥದ ಮಾತುಗಳಿವೆ. ಬದಿಗಿಡಲ್ಪಡುವುದೂ ಆತನಿಗಾಗಿಯೇ. ಒಬ್ಬೊಬ್ಬರೇ ಮನೆಯಲ್ಲಿ ಹೇಳಿಕೊಳ್ಳಲು ಭಯ ಹುಟ್ಟಿಸುವ ಪ್ರಾರ್ಥನೆ ಅದು, ಸಭೆ ಸೇರಿ ಒಟ್ಟಿಗೆ ಹೇಳಲೆಂದೇ ಇರುವಂಥದ್ದು.

---

ಬುಟ್ಟಿಯ_ಹಗ್ಗ:

ಯಾರೂ ಮುಟ್ಟದ ಎರಡು ವಿಷಯ. ಪಾಠದಲ್ಲಿ ಇವು ಇಲ್ಲದಿದ್ದರೆ ಪಾಠದಿಂದ ಕೆಡುಕೇ ಆದೀತು.

ಒಂದು, ಮನುಷ್ಯರು ಕೊಡುವ ಹಿಂಸೆ. ಗಂಡ ಹೊಡೆಯುತ್ತಾನೆ, ಸಂಬಳ ಕೊಡದೆ ದುಡಿಸುತ್ತಾರೆ, ಇಂಥವರಿಗೆ "ಶಿಲುಬೆ ಹೊತ್ತುಕೊಳ್ಳಿ, ಒಪ್ಪಿಸಿಬಿಡಿ" ಎನ್ನಬಾರದು. ಒಪ್ಪಿಸುವುದು ದೇವರ ಕೈಗೆ, ಹೊಡೆಯುವವನ ಕೈಗಲ್ಲ. 1 ಪೇತ್ರ 2:23 ಸರಿಯಾಗಿ ಓದಿದರೆ ಯೇಸು ತನ್ನನ್ನು ಒಪ್ಪಿಸಿದ್ದು ನ್ಯಾಯವಾಗಿ ತೀರ್ಪುಮಾಡುವಾತನಿಗೆ. ಆತನೇ ತನ್ನ ಗಳಿಗೆ ಬರುವ ಮುಂಚೆ ಹಲವು ಸಲ ತಪ್ಪಿಸಿಕೊಂಡು ಹೋಗಿದ್ದಾನೆ: ನಜರೇತಿನ ಗುಡ್ಡದ ಅಂಚಿನಿಂದ (ಲೂಕ 4:29–30), ದೇವಾಲಯದಲ್ಲಿ ಕಲ್ಲು ಎತ್ತಿಕೊಂಡವರಿಂದ (ಯೋಹಾನ 8:59). ಶಿಷ್ಯರಿಗೂ ಒಂದು ಊರಲ್ಲಿ ಹಿಂಸಿಸಿದರೆ ಇನ್ನೊಂದಕ್ಕೆ ಓಡಿಹೋಗಿ ಎಂದ (ಮತ್ತಾಯ 10:23). ದಮಸ್ಕದಲ್ಲಿ ಪೌಲನನ್ನು ರಾತ್ರಿ ಬುಟ್ಟಿಯಲ್ಲಿ ಕೂರಿಸಿ ಗೋಡೆಯಿಂದ ಇಳಿಸಿದರು. ಚಾವಟಿ ಎತ್ತಿದಾಗ ಅವನು ರೋಮನ್ ಪೌರತ್ವ ಎತ್ತಿಹೇಳಿದ (ಅಪೊಸ್ತಲರ ಕೃತ್ಯಗಳು 22:25), ಕೊನೆಗೆ ರೋಮನ್ ಚಕ್ರವರ್ತಿ ಕೈಸರನಿಗೇ ಅಪೀಲು ಹೋದ (25:11). ಪೊಲೀಸರ ಬಳಿಗೆ, ವಕೀಲರ ಬಳಿಗೆ, ಸುರಕ್ಷಿತ ಮನೆಗೆ ಹೋಗುವುದು ಸಮರ್ಪಣೆಗೆ ವಿರುದ್ಧ ಎನ್ನುವವರು ಪೌಲನನ್ನು ಮೊದಲು ತಪ್ಪಿತಸ್ಥನನ್ನಾಗಿ ಮಾಡಬೇಕಾಗುತ್ತದೆ. ತಂಡದವರಿಗೆ ಕೊಡಬೇಕಾದ ಪ್ರಶ್ನೆ ಒಂದೇ: "ಈ ಕಷ್ಟವನ್ನು ನಿಲ್ಲಿಸುವ ನ್ಯಾಯವಾದ ದಾರಿ ಯಾವುದಾದರೂ ಇದೆಯೇ?" ಇದ್ದರೆ ಮೊದಲು ಅದನ್ನು ಹಿಡಿಯಿರಿ.

ಎರಡು, ಖಿನ್ನತೆ. ಆತ್ಮಿಕ ಬರಡುತನವನ್ನೂ ಕಾಯಿಲೆಯನ್ನೂ ಬೇರ್ಪಡಿಸಲು 16ನೇ ಶತಮಾನದಲ್ಲೇ ಶಿಲುಬೆಯ ಸಂತ ಯೋಹಾನ ಮೂರು ಗುರುತು ಕೊಟ್ಟಿದ್ದಾರೆ. ದೇವರ ಸಂಗತಿಗಳಲ್ಲೂ ರುಚಿ ಇಲ್ಲ, ಲೋಕದ್ದರಲ್ಲೂ ಇಲ್ಲ. ಆದರೂ "ನಾನು ದೇವರಿಗೆ ಸರಿಯಾಗಿ ನಡೆದುಕೊಳ್ಳುತ್ತಿಲ್ಲ" ಎಂಬ ಕಳವಳ ಜೀವಂತವಾಗಿದೆ. ಮೊದಲಿನಂತೆ ಧ್ಯಾನ ಮಾಡಲು ಎಷ್ಟು ಯತ್ನಿಸಿದರೂ ಆಗುತ್ತಿಲ್ಲ. ಮೂರೂ ಜೊತೆಗಿದ್ದರೆ ಮಾತ್ರ ಅದನ್ನು ದೇವರು ನಡೆಸುವ ಕತ್ತಲು ಎನ್ನಬಹುದು. ಎಲ್ಲದರಲ್ಲೂ ಜಿಗುಪ್ಸೆ ಮಾತ್ರ ಇದ್ದರೆ ದೇಹಸ್ಥಿತಿಯೇ ಕಾರಣವಿರಬಹುದು ಎಂದೂ, ಎರಡೂ ಬೆರೆತಿರಬಹುದು ಎಂದೂ ಅವರೇ ಬರೆದಿದ್ದಾರೆ. ಪ್ರವಾದಿ ಎಲೀಯನ ಉದಾಹರಣೆ ಇನ್ನೂ ನೇರ. 1 ಅರಸು 19ರಲ್ಲಿ ಅವನು ಸಾವನ್ನು ಬೇಡಿ ಮಲಗುತ್ತಾನೆ. ದೂತ ಬಂದು ಉಪದೇಶ ಮಾಡುವುದಿಲ್ಲ, ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಮಾತು ಬರುವುದು ಆಮೇಲೆ, ಹೋರೇಬಿನಲ್ಲಿ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ, ಊಟ, ಕೆಲಸ ಮೂರೂ ಕೆಟ್ಟಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಆ ಹೊತ್ತಿಗೇ ಕರೆದೊಯ್ಯಿರಿ, ಒಬ್ಬರನ್ನೇ ಬಿಟ್ಟು ಬರಬೇಡಿ. ಔಷಧಿಯೂ ಪ್ರಾರ್ಥನೆಯೂ ಒಟ್ಟಿಗೆ ನಡೆಯಲಿ. ಅರಸ ಹಿಜ್ಕೀಯನ ಪ್ರಾರ್ಥನೆಗೆ 15 ವರ್ಷ ಆಯುಸ್ಸು ಸಿಕ್ಕಿತು, ಹುಣ್ಣಿಗೆ ಅಂಜೂರದ ಉಂಡೆಯನ್ನೂ ಕಟ್ಟಿದರು (2 ಅರಸು 20:5–7).

---

ಕೊಳದ_ಮೆಟ್ಟಿಲು:

ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಕೃತಜ್ಞತೆ. ಇನ್ನೊಂದೇ ಪ್ರಶ್ನೆ. ಹಾಳೆ ಪೆನ್ನು ಹಿಡಿಯಲಾಗದ, ಪ್ರಾರ್ಥಿಸುವ ಶಕ್ತಿಯೂ ಇಲ್ಲದ ರೋಗಿಯ ಹತ್ತಿರ ಹೋದಾಗ ಭೇಟಿಯನ್ನು ಹೇಗೆ ನಡೆಸಬೇಕು? ಮತ್ತು ರೋಮಾಪುರ 8:28 ಓದಬಹುದೇ? ನಮ್ಮವರು ಎಲ್ಲ ಕಡೆ ಅದನ್ನೇ ಓದುತ್ತಾರೆ.

---

ಯಬ್ಬೋಕ್_ತೀರ:

ಮೊದಲು 8:28. ವಚನ ನಿಜ, ಹೊತ್ತು ತಪ್ಪು. ಎಲ್ಲವೂ ಹಿತಕ್ಕಾಗಿಯೇ ಎಂದು ಮೊದಲ ಭೇಟಿಯಲ್ಲೇ ಬೇರೆಯವರ ಬಾಯಿಂದ ಕೇಳಿದರೆ, ನಿನ್ನ ನೋವು ದೊಡ್ಡದಲ್ಲ ಎಂದು ಕೇಳಿಸುತ್ತದೆ. ರೋಗಿ ತಾನಾಗಿ ಆ ವಚನ ಎತ್ತಿದರೆ ಜೊತೆಗೆ ಹೇಳಿ. ಇಲ್ಲದಿದ್ದರೆ ಎರಡು ವಚನ ಹಿಂದೆ, 8:26ಕ್ಕೆ ಹೋಗಿ: ಹೇಗೆ ಪ್ರಾರ್ಥಿಸಬೇಕೋ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ. ಪ್ರಾರ್ಥಿಸಲಾಗದವರಿಗೆ ಬೇಕಾದದ್ದು ಇದು.

ಭೇಟಿ 15 ನಿಮಿಷ ಮೀರದಿರಲಿ, ಇಬ್ಬರಿಗಿಂತ ಹೆಚ್ಚು ಜನ ಬೇಡ. ನಿಂತುಕೊಂಡು ಮಾತಾಡಬೇಡಿ, ರೋಗಿಯ ಕಣ್ಣಿನ ಮಟ್ಟಕ್ಕೆ ಕುಳಿತುಕೊಳ್ಳಿ. "ಹೇಗಿದ್ದೀರಿ" ಎಂಬುದಕ್ಕೆ ಎಲ್ಲರೂ "ಪರವಾಗಿಲ್ಲ" ಎನ್ನುತ್ತಾರೆ, ಅದರ ಬದಲು "ಇವತ್ತು ಯಾವುದಕ್ಕಾಗಿ ಪ್ರಾರ್ಥಿಸಲಿ?" ಎಂದು ಕೇಳಿ. ಬಂದ ಉತ್ತರವನ್ನು ಅವರ ಮಾತಿನಲ್ಲೇ ಪ್ರಾರ್ಥನೆಗೆ ಹಾಕಿ. "ವಾಂತಿ ನಿಲ್ಲಲಿ" ಎಂದರೆ ವಾಂತಿ ನಿಲ್ಲಲಿ ಎಂದೇ ಬೇಡಿ, ಅದನ್ನು ಅಲಂಕರಿಸಿ "ಸಕಲ ಬಾಧೆಗಳು" ಮಾಡಬೇಡಿ. "ಆದರೂ ನಿನ್ನ ಚಿತ್ತ" ಎಂಬ ಸಾಲು ರೋಗಿಯದು, ಅವರ ಪರವಾಗಿ ನೀವು ಹೇಳಿಬಿಡಬೇಡಿ. ಅವರು ಹೇಳುವವರೆಗೆ ಮೂರನೇ ತುಂಡಿನಲ್ಲೇ ನಿಲ್ಲಿ. ಮಾರ್ಕ 2:5ರಲ್ಲಿ ಮಂಚ ಹೊತ್ತ ನಾಲ್ವರ ನಂಬಿಕೆಯನ್ನೂ ನೋಡಿಯೇ ಯೇಸು ಮಾತಾಡಿದ್ದು, ಪಾರ್ಶ್ವವಾಯು ರೋಗಿ ಬಾಯಿಬಿಟ್ಟದ್ದಾಗಿ ಅಲ್ಲಿ ಬರೆದಿಲ್ಲ.

ಕಾರಣ ಹೇಳುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರ ಊಹೆಯನ್ನು ಯೇಸು ತಳ್ಳಿಹಾಕಿದ (ಯೋಹಾನ 9:3), ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿಯ ವಿಷಯದಲ್ಲೂ ಅಷ್ಟೇ (ಲೂಕ 13:4). ಯೋಬನ ಸ್ನೇಹಿತರು ಮೊದಲು ಏಳು ದಿನ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಆ ಏಳು ದಿನ ಅವರು ತಪ್ಪು ಮಾಡಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟಿತು. ನೆನಪಿರಲಿ, ಯೋಬ "ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು" ಎಂದದ್ದು 1ನೇ ಅಧ್ಯಾಯದಲ್ಲಿ, ಹುಟ್ಟಿದ ದಿನವನ್ನು ಶಪಿಸಿದ್ದು 3ನೇ ಅಧ್ಯಾಯದಲ್ಲಿ. ಪುಸ್ತಕಕ್ಕೆ 42 ಅಧ್ಯಾಯ. ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ದೂರಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಸ್ನೇಹಿತರ ಮೇಲೆ (42:7). ಸಿಟ್ಟನ್ನು ಎಲ್ಲಿಡಬೇಕು ಎಂದು ಕೇಳಿದ್ದಿರಲ್ಲ, ಈ ವಚನವನ್ನು ತಂಡಕ್ಕೆ ಓದಿಹೇಳಿ.

ಓದುವುದಕ್ಕೆ: ಬಹಳ ನಿತ್ರಾಣ ಇದ್ದವರಿಗೆ ಕೀರ್ತನೆ 131, ಮೂರೇ ವಚನ. ಮಾತಾಡಬಲ್ಲವರಿಗೆ 13. ಅಳುವವರಿಗೆ 42 ಮತ್ತು 43 ಸೇರಿಸಿ, "ನನ್ನ ಮನವೇ, ನೀನು ಕುಗ್ಗಿಹೋಗಿರುವುದೇಕೆ" ಎಂಬ ಪಲ್ಲವಿ ಮೂರು ಸಲ ಬರುತ್ತದೆ, ಮನೆಯವರೂ ಕೂಡಿ ಹೇಳಬಹುದು. ಎಲ್ಲ ಸಮಾಧಾನದ ಮಾತಿಗೂ ರೇಗುವವರಿಗೆ 88. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ತಿರುವು ಇಲ್ಲ, ಸ್ತೋತ್ರ ಇಲ್ಲ. ಓದುವ ಮುಂಚೆಯೇ ಅದನ್ನು ಹೇಳಿಬಿಡಿ. ಓದಿ ಮುಗಿಸಿದ ಮೇಲೆ ಸುಮ್ಮನಿರಿ, ನಿಮ್ಮ ಕಡೆಯಿಂದ ಒಂದು ಹಲ್ಲೆಲೂಯ ಅಂಟಿಸಬೇಡಿ.